600 ಮನೆ, ಒಂದು ಅಂಗಳ: ದೊಡ್ಡ ಅಪಾರ್ಟ್‌ಮೆಂಟ್ ವಿನ್ಯಾಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನಲ್ಲಿ ಆರ್ಕಿಟೆಕ್ಟ್. ದೊಡ್ಡ ಅಪಾರ್ಟ್‌ಮೆಂಟ್‌ಗಳ ನಕ್ಷೆ ಮಾಡುವುದು ನನ್ನ ಕೆಲಸ, ಅಂಥದ್ದೇ ಒಂದರಲ್ಲಿ ನನ್ನ ಮನೆ. ಜಮೀನು ಕೊಟ್ಟವರು, ಬಿಲ್ಡರ್‌ಗಳು, ಫ್ಲ್ಯಾಟ್ ಬುಕ್ ಮಾಡುವವರು, ಅಸೋಸಿಯೇಷನ್ನಿನವರು ಹೆಚ್ಚುಕಮ್ಮಿ ಇವೇ ಪ್ರಶ್ನೆ ಕೇಳುತ್ತಾರೆ. ಲೆಕ್ಕ ಸುಲಭವಾಗಲಿ ಅಂತ ಎಲ್ಲ ಕಡೆ 600 ಮನೆಯ ಒಂದು ಸಮುಚ್ಚಯವನ್ನೇ ಉದಾಹರಣೆಗೆ ಇಟ್ಟುಕೊಂಡಿದ್ದೇನೆ. ಮನೆಗೆ ನಾಲ್ಕು ಜನ ಅಂದರೆ 2,400 ಜನ.

60 ಮನೆಯ ಕಟ್ಟಡವನ್ನೇ ಹತ್ತು ಸಲ ಕಟ್ಟಿದರೆ 600 ಮನೆ ಆಯ್ತು, ಅಲ್ವಾ?

ಆಗಲ್ಲ. 2,400 ಜನ ಅಂದರೆ ಒಂದು ಹಳ್ಳಿ. 60 ಮನೆ ಇದ್ದಾಗ ಎಲ್ಲರ ಮುಖ ಎಲ್ಲರಿಗೂ ತಾನಾಗಿಯೇ ಗೊತ್ತಾಗುತ್ತದೆ. 600 ಆದಾಗ ಪಕ್ಕದ ಟವರಿನವರೂ ಅಪರಿಚಿತರೇ. ಅದಕ್ಕೇ ನಾನು ಮನೆಗಳನ್ನು 60, 70ರ ಗುಂಪುಗಳಾಗಿ ಒಡೆಯುತ್ತೇನೆ. ಒಂದೊಂದು ಗುಂಪಿಗೂ ಅದರದ್ದೇ ಬಾಗಿಲು, ಬಾಗಿಲ ಮುಂದೆ ಅದರದ್ದೇ ಪುಟ್ಟ ಅಂಗಳ. ಆಮೇಲೆ ಎಲ್ಲರಿಗೂ ಸೇರಿದ ದೊಡ್ಡ ಅಂಗಳ. ಹಳ್ಳಿಯಲ್ಲಿ ಕೇರಿ ಇರುತ್ತೆ, ಕೇರಿಗಳೆಲ್ಲ ಸೇರುವ ಕಡೆ ಅಶ್ವತ್ಥಕಟ್ಟೆ ಇರುತ್ತೆ. ಅದೇ ಲೆಕ್ಕ.

ಜಾಗ ನೋಡಲು ಹೋದಾಗ ಮೊದಲು ಏನು ನೋಡುತ್ತೀರಿ?

ಮಳೆ ನೀರು ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ ಅನ್ನುವುದನ್ನು. ಬೆಂಗಳೂರಿನ ಕೆರೆಗಳು ಒಂದಕ್ಕೊಂದು ಕೊಂಡಿ ಹಾಕಿದ ಹಾಗಿವೆ. ಮೇಲಿನ ಕೆರೆ ತುಂಬಿದರೆ ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಬರುತ್ತದೆ. ಆ ದಾರಿಯಲ್ಲಿ ಗೋಡೆ ಕಟ್ಟಿದರೂ ನೀರಿಗೆ ತನ್ನ ದಾರಿ ಮರೆಯುವುದಿಲ್ಲ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆಯ ಕಡೆ ಬೋಟು, ಟ್ರ್ಯಾಕ್ಟರುಗಳಲ್ಲಿ ಜನರನ್ನು ಕರೆತರಬೇಕಾಯಿತು.

ಹಳೆಯ ಗ್ರಾಮ ನಕ್ಷೆ ತೆಗೆಸಿ ನೋಡಿ. ಅಕ್ಕಪಕ್ಕದ ಊರಿನ ಹಿರಿಯರನ್ನು ಕೇಳಿ. 'ಇಲ್ಲಿ ಹಿಂದೆ ಭತ್ತ ಬೆಳೀತಿದ್ವಿ' ಅಂತ ಯಾರಾದರೂ ಅಂದರೆ ಅಲ್ಲಿ ನೀರು ನಿಲ್ಲುತ್ತಿತ್ತು ಅಂತ ಅರ್ಥ. ಅಂಥ ತಗ್ಗಿನಲ್ಲಿ ನಾನು ಕಟ್ಟಡ ಇಡುವುದಿಲ್ಲ, ಆಟದ ಮೈದಾನ ಇಡುತ್ತೇನೆ. ವರ್ಷಕ್ಕೆ ಎರಡು ದಿನ ಅಲ್ಲಿ ನೀರು ನಿಂತರೆ ಮಕ್ಕಳು ಎರಡು ದಿನ ಆಡುವುದಿಲ್ಲ, ಅಷ್ಟೇ. ಇನ್ನೊಂದು ಮಾತು. ವಿದ್ಯುತ್ ಪ್ಯಾನಲ್, ಜನರೇಟರ್‌ಗಳನ್ನು ಬೇಸ್‌ಮೆಂಟಿನ ತಳದಲ್ಲಿ ಇಡಬೇಡಿ. ಬೇಸ್‌ಮೆಂಟಿಗೆ ನೀರು ನುಗ್ಗಿದಾಗ ಅದನ್ನು ಹೊರಹಾಕುವ ಪಂಪಿಗೆ ಕರೆಂಟೇ ಇಲ್ಲದ ಹಾಗೆ ಆಗುತ್ತದೆ.

ಟವರ್‌ಗಳನ್ನು ಯಾವ ದಿಕ್ಕಿಗೆ ನಿಲ್ಲಿಸಬೇಕು?

ನಮ್ಮ ಕಡೆ ಕಾಟ ಕೊಡುವುದು ಪಶ್ಚಿಮದ ಬಿಸಿಲು. ಮಾರ್ಚ್, ಏಪ್ರಿಲ್‌ನಲ್ಲಿ ಮಧ್ಯಾಹ್ನ ಮೂರರ ಮೇಲೆ ಪಶ್ಚಿಮದ ಗೋಡೆ ಮುಟ್ಟಿ ನೋಡಿ, ರಾತ್ರಿಯವರೆಗೂ ಬಿಸಿ ಆರುವುದಿಲ್ಲ. ಹಾಗಾಗಿ ಕಟ್ಟಡದ ಉದ್ದದ ಬದಿ ಉತ್ತರ, ದಕ್ಷಿಣಕ್ಕೆ ಇರಲಿ. ಪಶ್ಚಿಮಕ್ಕೆ ಮೆಟ್ಟಿಲು, ಲಿಫ್ಟ್, ಯುಟಿಲಿಟಿ ಬರಲಿ. ಮಳೆಗಾಲದ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ಅದಕ್ಕೆ ಅಡ್ಡಗೋಡೆಯ ಹಾಗೆ ಟವರ್‌ಗಳನ್ನು ಸಾಲಾಗಿ ನಿಲ್ಲಿಸಿದರೆ ಹಿಂದಿನ ಮನೆಗಳಿಗೆ ಗಾಳಿಯೇ ಇಲ್ಲ.

ಅಂಗಳ ಉಳಿಸಿಕೊಳ್ಳುವುದು ಹೇಗೆ ಅನ್ನುವುದಕ್ಕೆ ನಾನು ಯಾವಾಗಲೂ ತೋರಿಸುವುದು ವಿಯೆನ್ನಾದ ಕಾರ್ಲ್ ಮಾರ್ಕ್ಸ್ ಹೋಫ್. 1927ರಿಂದ 1930ರವರೆಗೆ ಕಾರ್ಮಿಕರಿಗಾಗಿ ನಗರಸಭೆ ಕಟ್ಟಿಸಿದ್ದು, ಕಾರ್ಲ್ ಎಹ್ನ್ ವಿನ್ಯಾಸ. ಒಂದು ಕಿಲೋಮೀಟರಿಗಿಂತ ಉದ್ದ, ಸುಮಾರು 1,380 ಮನೆಗಳು. ಆದರೆ ಕಟ್ಟಡ ನಿಂತಿರುವುದು ಜಾಗದ ಐದನೇ ಒಂದು ಭಾಗಕ್ಕಿಂತ ಕಡಿಮೆ ನೆಲದ ಮೇಲೆ. ಉಳಿದದ್ದು ಅಂಗಳ, ತೋಟ. ಸ್ನಾನದ ಮನೆ, ಬಟ್ಟೆ ಒಗೆಯುವ ಮನೆ, ಶಿಶುವಿಹಾರ, ಗ್ರಂಥಾಲಯ ಎಲ್ಲ ಒಳಗೇ ಇದ್ದವು. ಆ ಕಾಲದಲ್ಲಿ ಬಡವರ ಮನೆಗೆ ಸ್ವಂತ ಬಚ್ಚಲು ಇರುತ್ತಿರಲಿಲ್ಲ. ಮನೆಯೊಳಗೆ ಕೊಡಲಾಗದ್ದನ್ನು ಎಲ್ಲರಿಗೂ ಸೇರಿಸಿ ಹೊರಗೆ ಕೊಡುವುದು ಅಂದರೆ ಅದು. ಸೌಲಭ್ಯ ಅನ್ನುವ ಮಾತಿನ ನಿಜವಾದ ಅರ್ಥ ನನಗೆ ಅಲ್ಲಿ ಕಾಣುತ್ತದೆ.

ವಾಸ್ತು?

ಜನ ನಂಬುತ್ತಾರೆ, ಆ ನಂಬಿಕೆಗೆ ನನ್ನ ಗೌರವವಿದೆ. 600 ಬಾಗಿಲನ್ನೂ ಪೂರ್ವಕ್ಕೆ ಇಡಲು ಆಗುವುದಿಲ್ಲ. ಆದರೆ ಅಡುಗೆಮನೆಗೆ ಕಿಟಕಿ, ಬಚ್ಚಲಿಗೆ ಹೊರಗಾಳಿ ಕೊಡದೆ ಬರೀ ದಿಕ್ಕು ಹೊಂದಿಸಿದ ಮನೆಯನ್ನು ದಯವಿಟ್ಟು ಒಪ್ಪಬೇಡಿ.

ಎಷ್ಟು ಮಹಡಿ ಎತ್ತರಕ್ಕೆ ಹೋಗಬಹುದು?

ರಸ್ತೆಯ ಅಗಲ, ಎಫ್‌ಎಆರ್ (ಜಾಗದ ಅಳತೆಗೆ ತಕ್ಕಂತೆ ಎಲ್ಲ ಮಹಡಿ ಸೇರಿ ಎಷ್ಟು ಕಟ್ಟಬಹುದು ಅನ್ನುವ ಮಿತಿ), ಅಗ್ನಿಶಾಮಕ ಇಲಾಖೆಯ ಅನುಮತಿ ಅದನ್ನು ನಿರ್ಧರಿಸುತ್ತವೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ 15 ಮೀಟರ್ ಮತ್ತು ಅದಕ್ಕಿಂತ ಎತ್ತರದ್ದೆಲ್ಲ ಬಹುಮಹಡಿ ಕಟ್ಟಡವೇ. 24 ಮೀಟರ್ ದಾಟಿದರೆ ಬೆಂಕಿಯ ಹೊತ್ತಿನಲ್ಲಿ ಜನ ಬಂದು ನಿಲ್ಲಲು ತೆರೆದ ಆಸರೆಯ ಜಾಗ ಬಿಡಬೇಕು. ಆ ಜಾಗಕ್ಕೆ ಗ್ರಿಲ್ ಹಾಕಿ ಹಳೆ ಸೋಫಾ ತುಂಬಿದ್ದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ನಿಮ್ಮಲ್ಲೂ ಹಾಗಿದ್ದರೆ ಇವತ್ತೇ ತೆಗೆಸಿ.

ಬೆಂಕಿ ಆರಿಸುವ ಗಾಡಿ ಟವರಿನ ಬುಡದವರೆಗೆ ಬರಬೇಕು. 6 ಮೀಟರ್ ಅಗಲದ ದಾರಿ ಬೇಕು, ಅದು 45 ಟನ್ ಭಾರ ತಡೆಯಬೇಕು. ಈಗೆಲ್ಲ ಆ ದಾರಿಯ ಕೆಳಗೆ ಬೇಸ್‌ಮೆಂಟ್ ಇರುತ್ತೆ. ಅದರ ಸ್ಲ್ಯಾಬನ್ನು ಈ ಭಾರಕ್ಕೆ ಲೆಕ್ಕ ಹಾಕಿದ್ದಾರಾ ಅಂತ ಕೇಳುವವರು ತೀರಾ ಕಡಿಮೆ.

ಬೇಕೇ ಬೇಕಾದ ಸೌಲಭ್ಯಗಳು ಯಾವುವು?

ಈ ಪ್ರಶ್ನೆಗೆ ಎಲ್ಲರೂ ಪಟ್ಟಿ ಬಯಸುತ್ತಾರೆ. ನಾನು ಬಣ್ಣದ ಪೆನ್ಸಿಲ್ ತೆಗೆಯುತ್ತೇನೆ.

ಸೈಟ್ ಪ್ಲಾನ್ ಟೇಬಲ್ ಮೇಲೆ ಹರಡಿ, ಐದು ಜನರ ಒಂದು ದಿನವನ್ನು ಅದರ ಮೇಲೆ ಗೆರೆ ಎಳೆಯುತ್ತೇನೆ. ಏಳು ವರ್ಷದ ಹುಡುಗಿ ಕೆಂಪು. ಅವಳು ಬೆಳಿಗ್ಗೆ ಸ್ಕೂಲ್ ಬಸ್ಸಿಗೆ ಹೋಗುತ್ತಾಳೆ, ಸಂಜೆ ಆಟಕ್ಕೆ ಇಳಿಯುತ್ತಾಳೆ. ಎಪ್ಪತ್ತೈದು ವರ್ಷದ ತಾತ ನೀಲಿ. ಬೆಳಿಗ್ಗೆ ಹಾಲು, ವಾಕಿಂಗ್, ಹತ್ತು ಗಂಟೆಗೆ ಬಿಸಿಲು ಕಾಯಿಸುವುದು. ಕೆಲಸಕ್ಕೆ ಹೋಗುವ ತಾಯಿ ಹಸಿರು, ಮನೆಗೆಲಸಕ್ಕೆ ಬರುವ ಅಕ್ಕ ಕಂದು, ಪಾರ್ಸೆಲ್ ತರುವ ಹುಡುಗ ಹಳದಿ. ಗೆರೆ ಎಳೆದು ಮುಗಿಸಿದಾಗ ಐದೂ ಬಣ್ಣ ಒಂದರ ಮೇಲೊಂದು ಬಿದ್ದು ಎರಡು ಮೂರು ಕಡೆ ಗಂಟು ಕಟ್ಟಿರುತ್ತವೆ. ಸಾಮಾನ್ಯವಾಗಿ ಒಂದು ಗೇಟಿನ ಹತ್ತಿರ, ಇನ್ನೊಂದು ಟವರಿನ ಬಾಗಿಲಲ್ಲಿ, ಮತ್ತೊಂದು ಎರಡು ದಾರಿ ಸೇರುವ ಕಡೆ.

ಆ ಗಂಟಿನಲ್ಲಿ ನೆರಳು ಕೊಡಿ. ಬೆನ್ನು ಆನಿಸಲು, ಕೈ ಊರಲು ಆಗುವ ಬೆಂಚು ಕೊಡಿ. ಕುಡಿಯುವ ನೀರು, ಒಂದು ಟಾಯ್ಲೆಟ್, ಪುಟ್ಟ ಅಂಗಡಿ ಕೊಡಿ. ಜನ ಬೇಕು ಅಂತ ಹೊರಟು ಹೋಗುವ ಸೌಲಭ್ಯಕ್ಕಿಂತ ದಾರಿಯಲ್ಲಿ ಸುಮ್ನೆ ಸಿಗುವ ಸೌಲಭ್ಯವೇ ಜಾಸ್ತಿ ಬಳಕೆಯಾಗುತ್ತದೆ. ಇಷ್ಟು ವರ್ಷದಲ್ಲಿ ಕಲಿತದ್ದು ಏನು ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ.

ಸ್ಕೂಲ್ ಬಸ್ಸಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೆಳಿಗ್ಗೆ ಏಳೂವರೆಗೆ ಯಾವುದೇ ದೊಡ್ಡ ಅಪಾರ್ಟ್‌ಮೆಂಟಿನ ಮುಂದೆ ನಿಂತು ನೋಡಿ. ಐವತ್ತು, ಅರವತ್ತು ಮಕ್ಕಳು ಹೆಗಲಿಗೆ ಬ್ಯಾಗ್ ಹಾಕಿಕೊಂಡು ಟ್ರಾಫಿಕ್ಕಿನ ಅಂಚಲ್ಲಿ ನಿಂತಿರುತ್ತಾರೆ. ಮಳೆ ಬಂದರೆ ಸೆಕ್ಯೂರಿಟಿ ಗೂಡಿನ ಸೂರಿನಡಿ ನುಗ್ಗುತ್ತಾರೆ. ಕೋಟಿಗಟ್ಟಲೆ ಖರ್ಚಿನ ಕ್ಲಬ್‌ಹೌಸ್ ಇರುವ ಕಡೆಯೂ ಇದೇ ಕಥೆ. ರಸ್ತೆಯಿಂದ ಬಸ್ಸು ಒಳಸರಿದು ನಿಲ್ಲಲು ಜಾಗ, ಅದರ ಮೇಲೊಂದು ಸೂರು, ಎರಡು ಉದ್ದ ಬೆಂಚು. ನಾನು ಮಾಡುವ ಯಾವ ಪ್ಲಾನಿನಲ್ಲೂ ಇದನ್ನು ಬಿಡುವುದಿಲ್ಲ.

ಹಾಗಾದರೆ ಕ್ಲಬ್‌ಹೌಸ್ ಬೇಡವಾ?

ಬೇಕು. ಆದರೆ ಮೂಲೆಯಲ್ಲಿ ಬೇಡ, ಒಂದೇ ಕಟ್ಟಡದಲ್ಲಿ ಎಲ್ಲವೂ ಬೇಡ. ಜಿಮ್, ಓದುವ ಕೋಣೆ, ಮಕ್ಕಳ ಕೋಣೆಗಳನ್ನು ಬೇರೆಬೇರೆ ಟವರ್‌ಗಳ ನೆಲಮಹಡಿಗೆ ಹಂಚಿ. ಆಗ ಪ್ರತಿ ಟವರಿನ ಬುಡದಲ್ಲೂ ಸಂಜೆ ದೀಪ ಉರಿಯುತ್ತದೆ, ಜನ ಓಡಾಡುತ್ತಾರೆ. ತಡವಾಗಿ ಬರುವ ಹೆಣ್ಣುಮಕ್ಕಳಿಗೆ ಅದೇ ದೊಡ್ಡ ಧೈರ್ಯ. ಸಣ್ಣ ಮಕ್ಕಳ ಆಟದ ಜಾಗ ಅಡುಗೆಮನೆ ಕಿಟಕಿಯಿಂದ ಕಾಣಬೇಕು. ದೊಡ್ಡ ಹುಡುಗರ ಬ್ಯಾಸ್ಕೆಟ್‌ಬಾಲ್ ಅಂಗಳ ಮಲಗುವ ಕೋಣೆಗಳಿಂದ ದೂರ ಇರಬೇಕು.

ಈಜುಕೊಳ?

25 ಮೀಟರ್ ಉದ್ದ, 10 ಮೀಟರ್ ಅಗಲ, 1.2 ಮೀಟರ್ ಆಳ ಅಂದರೆ 3 ಲಕ್ಷ ಲೀಟರ್ ನೀರು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಬಾರದು ಅಂತ ಆದೇಶ ಮಾಡಿತ್ತು. ತಪ್ಪಿದರೆ 5,000 ರೂಪಾಯಿ ದಂಡ. ಅಂಥ ಬೇಸಿಗೆ ಮತ್ತೆ ಬರುವುದಿಲ್ಲ ಅಂತ ಹೇಳಲು ಆಗುತ್ತಾ?

ಹಾಗಂತ ನಾನು ಕೊಳದ ವಿರೋಧಿ ಅಲ್ಲ. ವಿಯೆನ್ನಾದಲ್ಲೇ ಆಲ್ಟ್ ಎರ್ಲಾ ಅಂತ ಇನ್ನೊಂದು ಸಮುಚ್ಚಯವಿದೆ. 1973ರಿಂದ 1985ರ ನಡುವೆ ಕಟ್ಟಿದ್ದು, ಹ್ಯಾರಿ ಗ್ಲುಕ್ ಎಂಬ ಆರ್ಕಿಟೆಕ್ಟ್ ಮಾಡಿದ್ದು. ಸುಮಾರು 3,200 ಮನೆಗಳು, ಛಾವಣಿಯ ಮೇಲೆ ಏಳು ಈಜುಕೊಳ. ಸಾಮಾನ್ಯ ಆದಾಯದವರೂ ಇರುವ ಬಾಡಿಗೆ ಮನೆಗಳವು. ಶಾಲೆ, ಅಂಗಡಿಗಳು, ವೈದ್ಯರು, ಮೆಟ್ರೋ ನಿಲ್ದಾಣ ಎಲ್ಲ ಪಕ್ಕದಲ್ಲೇ. ಶ್ರೀಮಂತರಿಗೆ ಸಿಗುವ ಸುಖ ಎಲ್ಲರಿಗೂ ಸಿಗಲಿ ಅನ್ನುವ ಆಸೆ ಅಲ್ಲಿ ಕಲ್ಲಾಗಿ ನಿಂತಿದೆ. 3,200 ಮನೆಗೆ ಏಳು ಕೊಳ ಅಂದರೆ ಹೆಚ್ಚುಕಮ್ಮಿ 450 ಮನೆಗೆ ಒಂದು. ನಮ್ಮಲ್ಲಿ 80 ಮನೆಗೂ ಒಂದು ಕೊಳ ಬೇಕು ಅಂತ ಹಟ. 600 ಮನೆಗೆ ಒಂದು ಸಾಕು. ನೆರಳು ಬೀಳುವ ಕಡೆ ಬೇಡ, ಚಳಿಗೆ ಯಾರೂ ಇಳಿಯುವುದಿಲ್ಲ. ಸುತ್ತ ಬೇಲಿ, ಮಕ್ಕಳ ಕೈಗೆ ಎಟುಕದ ಚಿಲಕ ಕಡ್ಡಾಯ.

ನೀರಿನ ಲೆಕ್ಕ ಹೇಗೆ?

ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನುವುದು ಸಂಹಿತೆಯ ಲೆಕ್ಕ. ಅದರಲ್ಲಿ 45 ಲೀಟರ್ ಟಾಯ್ಲೆಟ್ ಫ್ಲಶ್‌ಗೆ. 2,400 ಜನಕ್ಕೆ ದಿನಕ್ಕೆ 3,24,000 ಲೀಟರ್ ಆಯಿತು. 6,000 ಲೀಟರಿನ ಟ್ಯಾಂಕರಿನಲ್ಲಿ ಎಣಿಸಿದರೆ ದಿನಕ್ಕೆ 54 ಟ್ಯಾಂಕರ್. ಫ್ಲಶ್‌ಗೆ ಕೊಳಚೆಯಿಂದ ಶುದ್ಧೀಕರಿಸಿದ ನೀರು ಕೊಟ್ಟರೆ 18 ಟ್ಯಾಂಕರಿನಷ್ಟು ಉಳಿಯುತ್ತದೆ. ಅದಕ್ಕೆ ಮನೆಮನೆಗೂ ಬೇರೆ ಪೈಪ್ ಬೇಕು. ಕಟ್ಟುವಾಗಲೇ ಹಾಕದಿದ್ದರೆ ಆಮೇಲೆ 600 ಬಚ್ಚಲಿನ ಟೈಲ್ಸ್ ಒಡೆಯಬೇಕು.

ಮಳೆ ನೀರಿನ ಬಗ್ಗೆ ತುಂಬ ಜನಕ್ಕೆ ತಪ್ಪು ಭರವಸೆ ಇದೆ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. 6,000 ಚದರ ಮೀಟರ್ ಛಾವಣಿ ಇದ್ದರೆ, ಪೋಲಾದದ್ದು ಕಳೆದು, ವರ್ಷಕ್ಕೆ ಸುಮಾರು 46 ಲಕ್ಷ ಲೀಟರ್ ಸಿಗುತ್ತದೆ. ಕೇಳಲು ಭಾರೀ ಅನ್ನಿಸುತ್ತೆ. ಆದರೆ 3,24,000ರಿಂದ ಭಾಗಿಸಿ ನೋಡಿ, ಎರಡು ವಾರಕ್ಕೆ ಖಾಲಿ. ಮನೆಗಳು ಒಂದರ ಮೇಲೊಂದು ಏರಿದಷ್ಟೂ ಒಬ್ಬೊಬ್ಬರ ಪಾಲಿಗೆ ಬರುವ ಛಾವಣಿ ಸಣ್ಣದಾಗುತ್ತದೆ. ಮಳೆ ಕೊಯ್ಲು ಬೇಕೇ ಬೇಕು, 2009ರಿಂದ ಕಾನೂನೇ ಇದೆ. ಆದರೆ ಎತ್ತರದ ಕಟ್ಟಡದಲ್ಲಿ ಅದರ ಮುಖ್ಯ ಕೆಲಸ ಇಂಗಿಸುವುದು. ಇಂಗಲು ಮಣ್ಣು ಬೇಕಲ್ವಾ? ಇಡೀ ಸೈಟಿನ ಅಡಿಗೆ ಬೇಸ್‌ಮೆಂಟ್ ಅಗೆದರೆ ಮಣ್ಣೇ ಉಳಿಯುವುದಿಲ್ಲ. ಒಂದು ಭಾಗವನ್ನಾದರೂ ಅಗೆಯದೆ ಬಿಡಿ. ಹೊಂಗೆ, ಬೇವು, ಸಂಪಿಗೆ ಬೇರು ಬಿಟ್ಟು ನಿಲ್ಲುವುದೂ ಅಲ್ಲೇ. ಸ್ಲ್ಯಾಬಿನ ಮೇಲೆ ಒಂದಡಿ ಮಣ್ಣು ಹಾಕಿ ನೆಟ್ಟ ಗಿಡ ಯಾವತ್ತೂ ಮರವಾಗುವುದಿಲ್ಲ.

ಪ್ರತಿ ಮನೆಗೂ ನೀರಿನ ಮೀಟರ್ ಹಾಕಿಸಿ. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಮೂರು ಹಂತದಲ್ಲಿ ಪಂಪ್ ಆಗಿ ಗುಡ್ಡ ಹತ್ತಿ ಬರುತ್ತದೆ. ಅಷ್ಟು ಕಷ್ಟಪಟ್ಟು ಬಂದ ನೀರಿಗೆ ಲೆಕ್ಕ ಇರಲಿ.

ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಿಸುವ ಘಟಕ) ಯಾಕೆ ಎಲ್ಲ ಕಡೆ ನಾರುತ್ತೆ?

ಬಹಳ ಸಲ ತಪ್ಪು ವಿನ್ಯಾಸದಲ್ಲೇ ಇರುತ್ತದೆ. ಎಸ್‌ಟಿಪಿಯೊಳಗೆ ಕೆಲಸ ಮಾಡುವುದು ಬ್ಯಾಕ್ಟೀರಿಯಾ. ಅವು ಬದುಕಲು ದಿನಾ ಆಹಾರ ಬೇಕು, ಅಂದರೆ ಕೊಳಚೆ ಬೇಕು. 600 ಮನೆಗೆ ಸುಮಾರು 260 ಕಿಲೋಲೀಟರ್ ಸಾಮರ್ಥ್ಯದ ಘಟಕ ಕಟ್ಟುತ್ತಾರೆ. ಮೊದಲ ವರ್ಷ ಬಂದು ಸೇರುವುದು 100 ಸಂಸಾರ. ದೊಡ್ಡ ತೊಟ್ಟಿಗೆ ಚೂರು ಕೊಳಚೆ. ಬ್ಯಾಕ್ಟೀರಿಯಾ ಸಾಯುತ್ತವೆ, ನೀರು ಕೊಳೆಯುತ್ತದೆ, ಕರೆಂಟ್ ಬಿಲ್ ಮಾತ್ರ ಪೂರ್ತಿ ಬರುತ್ತದೆ. ಅದಕ್ಕೆ ನಾನು ಯಾವಾಗಲೂ 130ರ ಎರಡು ಘಟಕ ಕೇಳುತ್ತೇನೆ. ಮೊದಲು ಒಂದು ನಡೆಯಲಿ. ಆಮೇಲೆ ಒಂದು ರಿಪೇರಿಗೆ ನಿಂತಾಗ ಇನ್ನೊಂದು ಇರುತ್ತದೆ.

ಇದಕ್ಕಿಂತ ದೊಡ್ಡ ವಿಷಯ ಜೀವದ್ದು. ಮುಚ್ಚಿದ ತೊಟ್ಟಿಯಲ್ಲಿ ವಿಷಗಾಳಿ ಸೇರಿ, ಒಳಗೆ ಇಳಿದ ಕಾರ್ಮಿಕರು ಸತ್ತ ಸುದ್ದಿ ನಾವೆಲ್ಲ ಓದಿದ್ದೇವೆ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಸುರಕ್ಷತೆಯಿಲ್ಲದೆ ಮನುಷ್ಯರನ್ನು ಒಳಗೆ ಇಳಿಸುವುದನ್ನು ನಿಷೇಧಿಸಿದೆ. ಯಾರೂ ಇಳಿಯುವ ಅಗತ್ಯವೇ ಬರದ ಹಾಗೆ ಎಸ್‌ಟಿಪಿ ಮಾಡಬಹುದು. ಪಂಪುಗಳನ್ನು ಮೇಲಿನಿಂದಲೇ ಎತ್ತುವ ಕಂಬಿ, ದೊಡ್ಡ ಮುಚ್ಚಳ, ಸದಾ ಓಡುವ ಎಕ್ಸಾಸ್ಟ್ ಫ್ಯಾನ್ ಇರಲಿ. ಇದರಲ್ಲಿ ದುಡ್ಡು ಉಳಿಸಲು ನೋಡುವವರ ಜೊತೆ ನಾನು ಕೆಲಸ ಮಾಡುವುದಿಲ್ಲ.

ಕಸಕ್ಕೆ ಎಷ್ಟು ಜಾಗ ಬಿಡಬೇಕು?

ಹಸಿ, ಒಣ, ಸ್ಯಾನಿಟರಿ ಮೂರಕ್ಕೂ ಬೇರೆ ಜಾಗ. ದಿನಕ್ಕೆ 100 ಕಿಲೋಗಿಂತ ಜಾಸ್ತಿ ಕಸ ಬರುವ ಕಡೆಯನ್ನು 2016ರ ಘನತ್ಯಾಜ್ಯ ನಿಯಮಗಳು ದೊಡ್ಡ ಉತ್ಪಾದಕರು ಅಂತ ಗುರುತಿಸಿದವು. 600 ಮನೆ ಅದನ್ನು ಸುಲಭವಾಗಿ ದಾಟುತ್ತದೆ. ಗೊಬ್ಬರ ಮಾಡುವ ಜಾಗಕ್ಕೆ ಸೂರು, ನೀರಿನ ನಲ್ಲಿ, ಚರಂಡಿ, ಗಾಳಿ ಇರಲಿ. ಕಸದ ಗಾಡಿ ಅಲ್ಲಿಯವರೆಗೆ ತಲುಪಬೇಕು, ಆದರೆ ಮಕ್ಕಳು ಓಡಾಡುವ ದಾರಿಯಲ್ಲಿ ಹಾದು ಹೋಗಬಾರದು. ಮಹಡಿಯಿಂದ ಕೆಳಗೆ ಬೀಳಿಸುವ ಕೊಳವೆ ಬೇಡ. ಅದರಲ್ಲಿ ಎಲ್ಲ ಕಲಸಿಹೋಗುತ್ತದೆ.

ಪಾರ್ಕಿಂಗ್?

ಕಾರು ಗೇಟಿನಿಂದ ನೇರ ಬೇಸ್‌ಮೆಂಟಿಗೆ ಇಳಿಯಲಿ, ಅಂಗಳ ಕಾಲ್ನಡಿಗೆಯವರಿಗೆ ಬಿಟ್ಟಿರಲಿ. ಬೈಕುಗಳಿಗೆ, ಸೈಕಲ್ಲುಗಳಿಗೆ ಪ್ರತ್ಯೇಕ ಜಾಗ ಮಾಡಿ. ಎಲೆಕ್ಟ್ರಿಕ್ ಗಾಡಿ ಚಾರ್ಜಿಂಗ್‌ಗೆ ವೈರಿನ ಪೈಪನ್ನು ಈಗಲೇ ಹಾಕಿ. ಸ್ಟಿಲ್ಟ್ (ಕಟ್ಟಡದ ಅಡಿ ಕಂಬಗಳ ನಡುವಿನ ಜಾಗ) ಮತ್ತು ತೆರೆದ ಜಾಗದ ಪಾರ್ಕಿಂಗನ್ನು ಬಿಲ್ಡರ್ ಬೇರೆಯಾಗಿ ಮಾರುವ ಹಾಗಿಲ್ಲ ಅಂತ ಮುಂಬೈನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ.

ಲಿಫ್ಟ್‌ಗಳ ವಿಷಯದಲ್ಲಿ ಏನು ಗಮನಿಸಬೇಕು?

ನಾವು ಮೊದಲಿದ್ದ ಅಪಾರ್ಟ್‌ಮೆಂಟಿನಲ್ಲಿ ಹನ್ನೊಂದನೇ ಮಹಡಿಯ ಅಜ್ಜಿಯೊಬ್ಬರಿಗೆ ರಾತ್ರಿ ಪಾರ್ಶ್ವವಾಯು ಬಡಿಯಿತು. ಆಂಬುಲೆನ್ಸ್ ಬೇಗನೇ ಬಂತು. ಸ್ಟ್ರೆಚರ್ ಲಿಫ್ಟಿನ ಒಳಗೆ ಹಿಡಿಯಲಿಲ್ಲ, ಒಂದು ಅಡಿ ಹೊರಗೇ ಉಳಿಯಿತು. ಓರೆ ಮಾಡಿ ನೋಡಿದೆವು, ಆಗಲಿಲ್ಲ. ಕೊನೆಗೆ ಅಡುಗೆಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಮಗ ಹಿಂದಿನಿಂದ ಕತ್ತು ಹಿಡಿದುಕೊಂಡು ಕೆಳಗೆ ತಂದ. ಆ ಕುರ್ಚಿಯ ಕಾಲು ಲಿಫ್ಟಿನ ಹೊಸ್ತಿಲಿಗೆ ತಗುಲಿದ ಸದ್ದು ನನಗೆ ಇವತ್ತಿಗೂ ನೆನಪಿದೆ.

ಪ್ರತಿ ಟವರಿಗೂ ಒಳಗೆ 2 ಮೀಟರಿಗಿಂತ ಜಾಸ್ತಿ ಆಳ ಇರುವ ಒಂದು ಲಿಫ್ಟ್ ಇರಲಿ. ಅದು ಬೇಸ್‌ಮೆಂಟಿನಿಂದ ಮೇಲಿನ ಮಹಡಿಯವರೆಗೂ ಹೋಗಲಿ. ಆಂಬುಲೆನ್ಸ್ ಅದರ ಬಾಗಿಲ ಹತ್ತಿರಕ್ಕೇ ಬರಲಿ. ಟವರಿನ ಬಾಗಿಲಿಗೆ ಮೆಟ್ಟಿಲಿದ್ದರೆ ಪಕ್ಕದಲ್ಲಿ ಇಳಿಜಾರೂ ಬೇಕು. 1 ಅಡಿ ಏರಲು 12 ಅಡಿ ಉದ್ದ ಅನ್ನುವುದು ನಿಯಮ. ಜಾಗ ಸಾಲಲ್ಲ ಅಂತ ಅದನ್ನು ಕಡಿದಾಗಿಸಿದರೆ ಗಾಲಿಕುರ್ಚಿ ಹಿಂದಕ್ಕೆ ಉರುಳುತ್ತದೆ.

ಹಬ್ಬ, ಮದುವೆ, ಸಾವು, ಇವಕ್ಕೆಲ್ಲ ಜಾಗ ಎಲ್ಲಿ?

ಪಾರ್ಟಿ ಹಾಲ್ ಎಲ್ಲರೂ ಬರೆಯುತ್ತಾರೆ. ಅದರ ಹಿಂದೆ ಅಡುಗೆ ಭಟ್ಟರು ದೊಡ್ಡ ಒಲೆ ಇಡಲು ತೆರೆದ ಜಾಗ, ಪಾತ್ರೆ ತೊಳೆಯಲು ನಲ್ಲಿ, ಅನ್ನದ ಗಂಜಿ ಹೋಗಲು ಅಗಲದ ಚರಂಡಿ ಬರೆಯುವವರು ಕಡಿಮೆ. ಹಾಗಾಗಿ ನಾಮಕರಣದ ದಿನ ಸಾಂಬಾರು ಪಾರ್ಕಿಂಗಿನಲ್ಲಿ ಕುದಿಯುತ್ತದೆ. ಗಣೇಶ ವಿಸರ್ಜನೆಗೆ ಒಂದು ತೊಟ್ಟಿ, ರಾಜ್ಯೋತ್ಸವಕ್ಕೆ ಒಂದು ಧ್ವಜದ ಕಟ್ಟೆ, ಟವರಿನ ಬಾಗಿಲಲ್ಲಿ ರಂಗೋಲಿ ಹಾಕುವಷ್ಟು ಸಮತಟ್ಟು ನೆಲ. ಇವಕ್ಕೆ ಖರ್ಚು ಜಾಸ್ತಿ ಏನಿಲ್ಲ.

ಸಾವಿನ ಬಗ್ಗೆ ಯಾವ ಬಿಲ್ಡರೂ ಮಾತಾಡಲು ಇಷ್ಟಪಡುವುದಿಲ್ಲ. ಆದರೆ 2,400 ಜನ ಇರುವ ಕಡೆ ಸಾವು ಬಂದೇ ಬರುತ್ತದೆ. ಮೇಲೆ ಹೇಳಿದ ಅಜ್ಜಿ ವಾರದ ಮೇಲೆ ತೀರಿಕೊಂಡರು. ದೇಹವನ್ನು ಕೆಳಗೆ ತಂದಾಗ ಇಡಲು ಜಾಗವಿರಲಿಲ್ಲ. ಎರಡು ಕಾರು ಸರಿಸಿ ಚಾಪೆ ಹಾಸಿದೆವು. ನೆಂಟರು ಕಂಬಗಳ ಸಂದಿಯಲ್ಲಿ ನಿಂತಿದ್ದರು. ಪಕ್ಕದಲ್ಲೇ ಯಾರದೋ ಕಾರು ರಿವರ್ಸ್ ಬಂತು.

ಸಿಂಗಪುರದ ಸರ್ಕಾರಿ ವಸತಿ ಮಂಡಳಿ ಇದಕ್ಕೆ ಒಳ್ಳೆಯ ಉತ್ತರ ಕಂಡುಕೊಂಡಿದೆ. ಅಲ್ಲಿನ ಕಟ್ಟಡಗಳ ನೆಲಮಹಡಿಯನ್ನು ಮನೆ ಕಟ್ಟದೆ ಖಾಲಿ ಬಿಟ್ಟಿರುತ್ತಾರೆ. ಮಲಯರ ಮದುವೆ, ಚೀನೀಯರ ಅಂತ್ಯಕ್ರಿಯೆ, ಮುದುಕರ ಚದುರಂಗ ಎಲ್ಲ ಅಲ್ಲೇ ನಡೆಯುತ್ತದೆ. ನಮ್ಮ ಹಳೆಮನೆಗಳ ಜಗಲಿ ನೆನಪಾಗುವುದಿಲ್ವಾ? ನಾನು ಪ್ರತಿ ಟವರಿನ ಬುಡದಲ್ಲೂ ಕಾರಿಗೆ ಕೊಡದ, ಮೂವತ್ತು ಜನ ನೆಲದ ಮೇಲೆ ಕೂರಬಹುದಾದ, ಪಕ್ಕದಲ್ಲಿ ಒಂದು ನಲ್ಲಿ ಇರುವ ಜಗಲಿ ಇಡುತ್ತೇನೆ. ಪ್ಲಾನಿನಲ್ಲಿ ಅದಕ್ಕೆ 'ಜಗಲಿ' ಅಂತಲೇ ಬರೆಯುತ್ತೇನೆ.

ಮನೆಗೆಲಸದವರು, ಡ್ರೈವರ್, ಸೆಕ್ಯೂರಿಟಿಯವರಿಗೆ?

ದಿನಾ ನೂರಾರು ಜನ ಕೆಲಸಕ್ಕೆ ಬರುತ್ತಾರೆ. ಅವರಿಗೆ ಟಾಯ್ಲೆಟ್, ಊಟ ಮಾಡಲು ಕೋಣೆ, ಬಟ್ಟೆ ಬದಲಿಸಲು ಜಾಗ, ಕುಡಿಯುವ ನೀರು ಬೇಕು. ಹೆಂಗಸರಿಗೆ ಬೇರೆ ಕೋಣೆ ಬೇಕು, ಅದಕ್ಕೆ ಒಳಗಿನಿಂದ ಚಿಲಕ ಇರಬೇಕು. ಬೇಸ್‌ಮೆಂಟಿನ ಕತ್ತಲಲ್ಲಿ ಬೇಡ, ಗೇಟಿನ ಹತ್ತಿರ ಬೆಳಕಿರುವ ಕಡೆ ಇರಲಿ. ಸಾಮಾನು ಸಾಗಿಸಲು ಬೇರೆ ಲಿಫ್ಟ್ ಇರಲಿ, ಮನುಷ್ಯರನ್ನು ಬೇರೆ ಮಾಡಲು ಬೇಡ.

ಹೊರಗಿನವರಿಗೂ ಸೌಲಭ್ಯ ತೆರೆದಿಡಬೇಕಾ? ಸುರಕ್ಷತೆ ಕಥೆ ಏನು?

ಕೆಲವನ್ನು ತೆರೆದಿಡಿ, ಕೆಲವನ್ನು ಮುಚ್ಚಿಡಿ. ಯಾವುದು ಎಲ್ಲಿ ಅನ್ನುವುದೇ ವಿನ್ಯಾಸ.

ಫ್ರಾನ್ಸಿನ ಮಾರ್ಸೇಯಲ್ಲಿ ಲ ಕಾರ್ಬುಸಿಯೆ ಎಂಬ ಆರ್ಕಿಟೆಕ್ಟ್ ಕಟ್ಟಿದ 337 ಮನೆಗಳ ಕಟ್ಟಡ 1952ರಲ್ಲಿ ಮುಗಿಯಿತು. ಛಾವಣಿಯ ಮೇಲೆ ಶಿಶುವಿಹಾರ, ಮಧ್ಯದ ಮಹಡಿಯಲ್ಲಿ ಅಂಗಡಿ ಬೀದಿ. ಛಾವಣಿ ಇವತ್ತಿಗೂ ಜನ ಮೆಚ್ಚುವ ಜಾಗ. ಆದರೆ ಮಹಡಿ ಮೇಲಿನ ಅಂಗಡಿಗಳಿಗೆ ದಾರಿಹೋಕರು ಹತ್ತಿ ಬರಲಿಲ್ಲ, ವ್ಯಾಪಾರ ಸೊರಗಿತು. ಅಂಗಡಿಗೆ ರಸ್ತೆ ಬೇಕು. ಹಾಗಾಗಿ ತರಕಾರಿ, ಮೆಡಿಕಲ್, ಕ್ಲಿನಿಕ್, ಕಾಫಿ ಅಂಗಡಿಗಳನ್ನು ಕಾಂಪೌಂಡಿನ ಗೆರೆಯ ಮೇಲೆಯೇ ಇಡಿ. ಎರಡು ಕಡೆಗೂ ಬಾಗಿಲು ಇರಲಿ. ಊರಿನವರೂ ಕೊಳ್ಳುತ್ತಾರೆ, ರಸ್ತೆಯೂ ರಾತ್ರಿ ನಿರ್ಜನವಾಗುವುದಿಲ್ಲ. 300 ಮೀಟರ್ ಉದ್ದದ ಬೋಳು ಗೋಡೆಯ ಪಕ್ಕ ರಾತ್ರಿ ಒಬ್ಬರೇ ನಡೆದು ನೋಡಿ, ಸುರಕ್ಷತೆ ಯಾರಿಗೆ ಸಿಕ್ಕಿತು ಅಂತ ಗೊತ್ತಾಗುತ್ತದೆ.

ಸಿಂಗಪುರದ ಪಿನ್ನಕಲ್ ಅಟ್ ಡಕ್ಸ್‌ಟನ್ ಇನ್ನೊಂದು ದಾರಿ ತೋರಿಸುತ್ತದೆ. 2009ರಲ್ಲಿ ಮುಗಿದದ್ದು, 50 ಮಹಡಿಯ ಏಳು ಕಟ್ಟಡ, 1,848 ಮನೆ. 26ನೇ ಮತ್ತು 50ನೇ ಮಹಡಿಯಲ್ಲಿ ಸೇತುವೆ ತೋಟಗಳು ಏಳನ್ನೂ ಜೋಡಿಸುತ್ತವೆ. 26ನೇ ಮಹಡಿಯದು ನಿವಾಸಿಗಳಿಗೆ. 50ನೇ ಮಹಡಿಯದಕ್ಕೆ ಸಣ್ಣ ಶುಲ್ಕ ಕೊಟ್ಟು ಹೊರಗಿನವರೂ ಹೋಗಬಹುದು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. ಪೂರ್ತಿ ಮುಚ್ಚುವುದು, ಪೂರ್ತಿ ತೆರೆಯುವುದು, ಇವೆರಡರ ನಡುವೆ ಹೀಗೆ ಎಷ್ಟೋ ದಾರಿಗಳಿವೆ.

ನಮ್ಮಲ್ಲಿ ದೊಡ್ಡ ಜಾಗದಲ್ಲಿ ಕಟ್ಟುವಾಗ ಪಾರ್ಕಿಗೆ, ಸಿಎ ಸೈಟಿಗೆ (ನಾಗರಿಕ ಸೌಲಭ್ಯಗಳಿಗೆ ಮೀಸಲಾದ ಜಾಗ) ಅಂತ ಒಂದಷ್ಟು ನೆಲ ಬಿಟ್ಟುಕೊಡಬೇಕಾಗುತ್ತದೆ. ಹಾಗೆ ಬಿಟ್ಟುಕೊಟ್ಟದ್ದು ಊರಿನ ಜಾಗ. ಅದನ್ನು ಸಮುಚ್ಚಯದ ನಡುವೆ ಇಟ್ಟರೆ ನಾಳೆ ಗೇಟಿನಲ್ಲಿ ಜಗಳ ಖಂಡಿತ. ರಸ್ತೆ ಬದಿಗೆ ಇಟ್ಟರೆ ಪಕ್ಕದ ಬಡಾವಣೆಯ ಮಕ್ಕಳೂ ಬಂದು ಆಡುತ್ತಾರೆ, ನಿಮ್ಮ ಮಕ್ಕಳಿಗೆ ಕ್ರಿಕೆಟ್ಟಿಗೆ ಜನ ಸಿಗುತ್ತಾರೆ.

ಕಾನೂನಿನಲ್ಲಿ ಸಾಮಾನ್ಯ ಜಾಗ ಯಾರದು?

ಕೊಂಡವರೆಲ್ಲರದ್ದು. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಪ್ರಕಾರ ಬಿಲ್ಡರ್ ಅದನ್ನು ನಿವಾಸಿಗಳ ಸಂಘಕ್ಕೆ ಬರೆದುಕೊಡಬೇಕು. ಒಪ್ಪಿಗೆಯಾದ ನಕ್ಷೆ, ಸಾಮಾನ್ಯ ಜಾಗಗಳನ್ನು ಬದಲಿಸಲು ಮೂರನೇ ಎರಡು ಭಾಗ ಕೊಂಡವರ ಲಿಖಿತ ಒಪ್ಪಿಗೆ ಬೇಕು. ಸ್ವಾಧೀನ ಕೊಟ್ಟ ಮೇಲೆ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಬಿಲ್ಡರೇ ಸರಿಪಡಿಸಬೇಕು. ಕರ್ನಾಟಕದಲ್ಲಿ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯೂ ಇದೆ. ಸಂಘದ ನೋಂದಣಿಗೆ ಮೊದಲು ವಕೀಲರನ್ನು ಕೇಳಿ.

ಮೇಂಟೆನೆನ್ಸ್ ಖರ್ಚನ್ನು ವಿನ್ಯಾಸದಲ್ಲೇ ಕಡಿಮೆ ಮಾಡಬಹುದಾ?

ಖಂಡಿತ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಪ್ರುಯಿಟ್ ಐಗೋ ಅಂತ 33 ಕಟ್ಟಡಗಳ ಸರ್ಕಾರಿ ವಸತಿ ಇತ್ತು. 1950ರ ದಶಕದಲ್ಲಿ ಕಟ್ಟಿದ್ದು, 1972ರಿಂದ ಕೆಡವಲು ಶುರುಮಾಡಿದರು. ಅದು ಹಾಳಾಗಲು ಕಾರಣ ಹಲವು. ಅದರಲ್ಲಿ ಒಂದು, ನಿರ್ವಹಣೆಯ ಖರ್ಚು ಬಡವರ ಬಾಡಿಗೆಯಿಂದಲೇ ಬರಬೇಕಿತ್ತು. ಜನ ಖಾಲಿ ಮಾಡುತ್ತಾ ಹೋದಂತೆ ದುಡ್ಡಿಲ್ಲ, ದುಡ್ಡಿಲ್ಲದೆ ಲಿಫ್ಟ್ ನಿಂತಿತು, ಲಿಫ್ಟ್ ನಿಂತಂತೆ ಇನ್ನಷ್ಟು ಜನ ಹೋದರು.

ಅದಕ್ಕೆ ಪ್ರತಿ ಸೌಲಭ್ಯದ ಮುಂದೆ ನಾನು ಮೂರು ಸಂಖ್ಯೆ ಬರೆಸುತ್ತೇನೆ. ಕಟ್ಟಲು ಎಷ್ಟು, ತಿಂಗಳಿಗೆ ಎಷ್ಟು, ಹದಿನೈದು ವರ್ಷದ ಮೇಲೆ ಬದಲಿಸಲು ಎಷ್ಟು. ಮಿನಿ ಥಿಯೇಟರ್ ಈ ಪಟ್ಟಿಯಲ್ಲಿ ಸೋಲುತ್ತದೆ. ಗ್ರಂಥಾಲಯ, ಜಗಲಿ, ಮರದ ಕಟ್ಟೆ ಗೆಲ್ಲುತ್ತವೆ. ಕಾರಿಡಾರಿಗೆ ಹಗಲು ಬೆಳಕು ಬಂದರೆ ಲೈಟಿನ ಬಿಲ್ ಇಳಿಯುತ್ತದೆ. ಹೊರಗೋಡೆಗೆ ಏಣಿ ಇಲ್ಲದೆ ಕೈ ಎಟುಕುವ ಪೈಪಿನ ದಾರಿ ಮಾಡಿದರೆ ಪ್ಲಂಬರ್ ಹಗ್ಗದಲ್ಲಿ ನೇತಾಡುವುದು ತಪ್ಪುತ್ತದೆ.

ನಾವು ಈಗಾಗಲೇ ಕಟ್ಟಿರುವ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಈಗ ಏನು ಮಾಡಬಹುದು?

ಬಣ್ಣದ ಪೆನ್ಸಿಲ್ಲಿನ ಕೆಲಸ ನೀವೂ ಮಾಡಬಹುದು. ಒಂದು ಭಾನುವಾರ ಮಕ್ಕಳು, ಹಿರಿಯರನ್ನು ಕೂರಿಸಿಕೊಂಡು ಪ್ಲಾನಿನ ಪ್ರಿಂಟ್ ಮೇಲೆ ಗೆರೆ ಎಳೆಯಿರಿ. ಈಗ ನಾನಿರುವ ಕಡೆ ಹೀಗೆ ಮಾಡಿದಾಗ ಐದೂ ಗೆರೆ ಸೇರಿದ್ದು ಎರಡನೇ ಟವರಿನ ಮುಂದಿನ ಹೊಂಗೆ ಮರದ ಹತ್ತಿರ. ಅಲ್ಲಿದ್ದದ್ದು ವಿಸಿಟರ್ಸ್ ಪಾರ್ಕಿಂಗಿನ ಎರಡು ಗುರುತು. ಅಸೋಸಿಯೇಷನ್ ಸಭೆಯಲ್ಲಿ ಒಪ್ಪಿಗೆ ಪಡೆದು ಆ ಎರಡು ಕಾರಿನ ಜಾಗ ತೆಗೆದೆವು. ಮರದ ಸುತ್ತ ಕಲ್ಲಿನ ಕಟ್ಟೆ ಕಟ್ಟಿಸಿದೆವು, ಪಕ್ಕದಲ್ಲಿ ನಲ್ಲಿ ಹಾಕಿಸಿದೆವು. ಈಗ ಬೆಳಿಗ್ಗೆ ಅಲ್ಲಿ ಸೊಪ್ಪು ಮಾರುವ ಅಮ್ಮ ಬುಟ್ಟಿ ಇಳಿಸುತ್ತಾರೆ. ಹತ್ತು ಗಂಟೆಗೆ ಹಿರಿಯರು ಪೇಪರ್ ಹಿಡಿದು ಬರುತ್ತಾರೆ. ಮಧ್ಯಾಹ್ನ ಮನೆಗೆಲಸದವರು ಡಬ್ಬಿ ಬಿಚ್ಚುತ್ತಾರೆ. ಸಂಜೆ ಮಕ್ಕಳದ್ದು.